ಕ್ಯಾಮೆರಾ ಆಮೇಲೆ, ಮೊದಲು ನೀರಿನ ತಾಪಮಾನ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಕೆಲಸದ ನಿಮಿತ್ತ ಈ ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್ ನಗರಕ್ಕೆ ಬಂದಿದ್ದೇನೆ. ಊರಲ್ಲಿ ಮಳೆಗಾಲದ ಮೋಡ, ಹೊಳೆ, ಜಲಪಾತಗಳ ವಿಡಿಯೊ ಮಾಡುತ್ತಿದ್ದೆ. ಇಲ್ಲಿ ಒಂದು ಪೂರ್ತಿ ವರ್ಷದ ಹವಾಮಾನವನ್ನು ಚಿತ್ರೀಕರಿಸುವ ಆಸೆ ಇದೆ. ಭಾರತದಲ್ಲಿ ಕೊಂಡ ಕ್ಯಾಮೆರಾ ಮೈನಸ್ 25 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆಯೇ? ಯಾವ ಋತುವಿನಲ್ಲಿ ಎಲ್ಲಿ ನಿಲ್ಲಬೇಕು? ಮುಂದೆ ಇದರಿಂದ ನಾಲ್ಕು ಕಾಸು ಸಂಪಾದಿಸಬಹುದೇ?

ಉತ್ತರ: ಕ್ಯಾಮೆರಾ ಕೆಲಸ ಮಾಡುತ್ತದೆ. ಚಳಿಯಲ್ಲಿ ಮೊದಲು ಕೈಕೊಡುವುದು ಬ್ಯಾಟರಿ, ಆಮೇಲೆ ನಿಮ್ಮ ಬೆರಳು, ಆಮೇಲೆ ಟ್ರೈಪಾಡಿನ ಲಾಕು. ಕ್ಯಾಮೆರಾದ ಸರದಿ ಬರುವುದು ಮನೆಯೊಳಗೆ ಕಾಲಿಟ್ಟ ಮೇಲೆ. ಅದನ್ನು ಮುಂದೆ ವಿವರಿಸುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ಎಲ್ಲಿ ನಿಂತರೂ ಮೋಡ ತಾನಾಗಿಯೇ ನಿಮ್ಮ ಬಳಿಗೆ ಬರುತ್ತದೆ. ಡುಲೂತ್ ಇರುವ ಸುಪೀರಿಯರ್ ಸರೋವರದ ದಂಡೆಯಲ್ಲಿ ಹಾಗಿಲ್ಲ. ಡುಲೂತ್‌ನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅದೇ ಸರೋವರದ ದಕ್ಷಿಣ ದಂಡೆಯಲ್ಲಿ ಮೊಣಕಾಲುದ್ದ ಹಿಮ ಬೀಳುತ್ತಿರಬಹುದು. ಈ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಅಷ್ಟು ನೀರು ಕಾಯುವುದೂ ನಿಧಾನ, ತಣಿಯುವುದೂ ನಿಧಾನ. ಹಾಗಾಗಿ ನೆಲಕ್ಕಿಂತ ನೀರು ಯಾವಾಗಲೂ ಒಂದು ಋತು ಹಿಂದೆ ಇರುತ್ತದೆ. ಇಲ್ಲಿ ನೋಡತಕ್ಕ ದೃಶ್ಯಗಳಲ್ಲಿ ಹೆಚ್ಚಿನವು ಈ ಅಂತರದಿಂದಲೇ ಹುಟ್ಟುವುದು. ಬೆಳಿಗ್ಗೆ ಎದ್ದ ಕೂಡಲೇ ನೀರಿನ ತಾಪಮಾನ, ಗಾಳಿಯ ತಾಪಮಾನ, ಗಾಳಿಯ ದಿಕ್ಕು ಈ ಮೂರನ್ನು ನೋಡಿದರೆ ಎಲ್ಲಿಗೆ ಹೋಗಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ. ಲೆನ್ಸ್ ಯಾವುದು ಎಂಬುದು ಆಮೇಲಿನ ಮಾತು.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಭಾರತದಲ್ಲಿ ಕೊಂಡ ಕ್ಯಾಮೆರಾ ಸಾಮಾನ್ಯವಾಗಿ ಪಾಲ್ ಎಂಬ ವಿಡಿಯೊ ಕ್ರಮದಲ್ಲಿ, ಸೆಕೆಂಡಿಗೆ 25 ಅಥವಾ 50 ಫ್ರೇಮಿನಲ್ಲಿ ಇರುತ್ತದೆ. ಅಮೆರಿಕದ ವಿದ್ಯುತ್ 60 ಹರ್ಟ್ಸ್. ಅಲ್ಲಿಯ ದೀಪಗಳು ಸೆಕೆಂಡಿಗೆ 120 ಬಾರಿ ಮಿನುಗುತ್ತವೆ. ಶಟರ್ 1/50ರಲ್ಲೇ ಉಳಿದರೆ ರಾತ್ರಿ ಬಂದರಿನ ದೀಪಗಳ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ಪಡಿಪಾಟಲು. ಮೆನುವಿನಲ್ಲಿ ಅಮೆರಿಕದ ಕ್ರಮವಾದ ಎನ್‌ಟಿಎಸ್‌ಸಿ ಆರಿಸಿ, 29.97 ಅಥವಾ 59.94 ಫ್ರೇಮಿಗೆ ಬನ್ನಿ. ಶಟರ್ 1/60 ಇಲ್ಲವೇ 1/120 ಇಡಿ. ಕೆಲವು ಕ್ಯಾಮೆರಾಗಳು ಇದಕ್ಕಾಗಿ ಕಾರ್ಡನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಆದ್ದರಿಂದ ಹಳೆಯದನ್ನು ಮೊದಲು ನಕಲು ಮಾಡಿಕೊಳ್ಳಿ. ಗಡಿಯಾರವನ್ನು ಸ್ಥಳೀಯ ಸಮಯಕ್ಕಿಡದೆ ಯುಟಿಸಿಗೆ, ಅಂದರೆ ಜಾಗತಿಕ ಸಮಯಕ್ಕೆ ಇಡಿ. ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಉಪಗ್ರಹ, ರೇಡಾರ್ ಚಿತ್ರಗಳ ಸಮಯವೂ ಯುಟಿಸಿಯಲ್ಲೇ ಇರುವುದರಿಂದ ಮುಂದೆ ತಾಳೆ ನೋಡುವುದು ಸುಲಭ.

ಶರತ್ಕಾಲ: ಬೆಚ್ಚಗಿನ ನೀರು, ತಣ್ಣನೆಯ ಗಾಳಿ

ನೀವು ಸೆಪ್ಟೆಂಬರಿನಲ್ಲಿ ಶುರುಮಾಡುತ್ತಿರುವುದು ಒಳ್ಳೆಯದೇ ಆಯಿತು. ಆಗ ನೀರಿನ ಮೇಲ್ಮೈ ವರ್ಷದಲ್ಲೇ ಹೆಚ್ಚು ಬೆಚ್ಚಗಿರುತ್ತದೆ. ಕೆನಡಾದಿಂದ ಮೊದಲ ತಣ್ಣನೆಯ ಗಾಳಿ ಇಳಿದಾಗ ಸರೋವರದ ಮೇಲೆ ಜಲಸ್ತಂಭಗಳು, ಅಂದರೆ ಮೋಡಕ್ಕೂ ನೀರಿಗೂ ನಡುವೆ ಸುತ್ತುವ ಗಾಳಿಯ ಕಂಬಗಳು ಏಳುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವುಗಳ ಕಾಲ. ಸಾಲಾಗಿ ನಿಂತ, ತಳ ಚಪ್ಪಟೆಯಾಗಿ ಕಪ್ಪಾಗಿರುವ ಮೋಡಗಳನ್ನು 100ರಿಂದ 400 ಮಿ.ಮೀ. ಲೆನ್ಸಿನಲ್ಲಿ ದಂಡೆಯಿಂದಲೇ ಕಾಯಿರಿ. ಸ್ತಂಭದ ಬುಡದಲ್ಲಿ ನೀರು ಚಿಮ್ಮುವ ಉಂಗುರವೂ ಚೌಕಟ್ಟಿನೊಳಗೆ ಇರಲಿ. ಅದಿಲ್ಲದಿದ್ದರೆ ನೋಡಿದವರಿಗೆ ಬರೀ ಮೋಡದ ಬಾಲದಂತೆ ಕಾಣುತ್ತದೆ. ಎಲೆಗಳ ಬಣ್ಣದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ: ಒಳನಾಡಿನ ಮೇಪಲ್ ಮರಗಳು ಸೆಪ್ಟೆಂಬರ್ ಕೊನೆಗೆ ಕೆಂಪಾದರೆ, ಸರೋವರಕ್ಕೆ ಅಂಟಿಕೊಂಡ ಬರ್ಚ್ ಮತ್ತು ಆಸ್ಪೆನ್ ಮರಗಳು ಒಂದೆರಡು ವಾರ ತಡವಾಗಿ ಹಳದಿಯಾಗುತ್ತವೆ. ಅದಕ್ಕೂ ಕಾರಣ ಆ ಬೆಚ್ಚಗಿನ ನೀರೇ.

ನವೆಂಬರಿನ ಬಿರುಗಾಳಿ ಬೇರೆಯೇ ವಿಷಯ. ಈಶಾನ್ಯ ದಿಕ್ಕಿನಿಂದ ಗಾಳಿ ಬೀಸಿದಾಗ ಅದಕ್ಕೆ ಸರೋವರದ ಉದ್ದುದ್ದಕ್ಕೆ ತಡೆಯಿಲ್ಲದ ನೀರು ಸಿಗುತ್ತದೆ. ಆ ಅಲೆಗಳೆಲ್ಲ ಬಂದು ಸೇರುವುದು ಲಾಳಿಕೆಯಂತೆ ಕಿರಿದಾಗುವ ಪಶ್ಚಿಮದ ಮೂಲೆಗೆ, ಅಂದರೆ ನೀವಿರುವ ಡುಲೂತ್‌ಗೆ. 1905ರ ನವೆಂಬರ್ 28ರಂದು ಮಟಾಫಾ ಎಂಬ ಹಡಗು ಡುಲೂತ್‌ನ ಕಾಲುವೆಯ ಬಾಯಲ್ಲೇ ಒಡೆಯಿತು. ಊರವರು ದಡದಲ್ಲಿ ನಿಂತು ನೋಡುತ್ತಿದ್ದಂತೆ 9 ಮಂದಿ ಸತ್ತರು. ಆ ಬಿರುಗಾಳಿಯ ಪರಿಣಾಮವಾಗಿಯೇ 1910ರಲ್ಲಿ ಸ್ಪ್ಲಿಟ್ ರಾಕ್ ದೀಪಸ್ತಂಭ ಬೆಳಗಿತು. ಪಕ್ಕದ ಸುಪೀರಿಯರ್ ಎಂಬ ಊರಿನ ಬಂದರಿನಿಂದ ಹೊರಟ ಎಡ್ಮಂಡ್ ಫಿಟ್ಜೆರಾಲ್ಡ್ ಹಡಗು 29 ಜನರೊಡನೆ ಮುಳುಗಿದ್ದು 1975ರ ನವೆಂಬರ್ 10ರಂದು. ಈ ಇತಿಹಾಸ ಹೇಳಿದ್ದು ಭಯ ಹುಟ್ಟಿಸಲೆಂದೇ. ಕೆನಾಲ್ ಪಾರ್ಕಿನ ಕಾಂಕ್ರೀಟ್ ಕಟ್ಟೆಯ ಮೇಲೆ, ದೀಪಸ್ತಂಭದ ಬಳಿ ಹೋಗಿ ನಿಲ್ಲುವವರನ್ನು ನೀವು ನೋಡುತ್ತೀರಿ. ಹತ್ತು ಅಲೆ ಕಾಲು ಒದ್ದೆ ಮಾಡಿ ಹೋಗುತ್ತವೆ, ಹನ್ನೊಂದನೆಯದು ಆಳನ್ನೇ ಎಳೆದೊಯ್ಯುತ್ತದೆ. 4 ಡಿಗ್ರಿಯ ನೀರಿನಲ್ಲಿ ಕೈಕಾಲು ಸೋಲಲು ಹತ್ತು ಹದಿನೈದು ನಿಮಿಷ ಸಾಕು.

ಹಿಂದೆ ಸರಿದು, ಎತ್ತರದಲ್ಲಿ, 200 ಮಿ.ಮೀ.ಗಿಂತ ಉದ್ದದ ಲೆನ್ಸಿನಲ್ಲಿ ತೆಗೆದ ಚಿತ್ರವೇ ನಿಜಕ್ಕೂ ಚೆನ್ನಾಗಿ ಬರುವುದು. ದೀಪಸ್ತಂಭವೋ ಲಿಫ್ಟ್ ಸೇತುವೆಯೋ ಚೌಕಟ್ಟಿನಲ್ಲಿರಲಿ, ಇಲ್ಲದಿದ್ದರೆ 4 ಮೀಟರ್ ಅಲೆಯೂ ಕೆರೆಯ ತೆರೆಯಂತೆ ಕಂಡೀತು. 59.94 ಫ್ರೇಮಿನಲ್ಲಿ ಶೂಟ್ ಮಾಡಿ ಅರ್ಧ ವೇಗಕ್ಕಿಳಿಸಿದರೆ ನೀರಿನ ತೂಕ ಕಣ್ಣಿಗೆ ತಿಳಿಯುತ್ತದೆ. ಧ್ವನಿಗೆ ತುಪ್ಪಳದ ಹೊದಿಕೆಯಿರುವ ಮೈಕನ್ನು ಕಾರಿನ ಮರೆಯಲ್ಲಿಟ್ಟು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಸುಪೀರಿಯರ್‌ನದು ಸಿಹಿನೀರು. ಮಂಗಳೂರಿನ ಕಡಲತೀರದಲ್ಲಾಗುವಂತೆ ಉಪ್ಪಿನಿಂದ ತುಕ್ಕು ಹಿಡಿಯುವ ಚಿಂತೆ ಇಲ್ಲ. ಆದರೆ ಶೂನ್ಯಕ್ಕಿಂತ ಕೆಳಗೆ ಹಾರಿ ಬಂದ ಹನಿ ಲೆನ್ಸಿನ ಮೇಲೆ ಕೂತ ತಕ್ಷಣ ಗಾಜಾಗುತ್ತದೆ. ಅದನ್ನು ಉಗುರಿನಿಂದ ಕೆರೆಯಬೇಡಿ. ಮುಂದೆ ಹಾಕಿದ ಯುವಿ ಫಿಲ್ಟರನ್ನೇ ಬಿಚ್ಚಿ ಇನ್ನೊಂದು ಹಾಕಿಕೊಳ್ಳಿ. ಅಂಥ ದಿನ ಜೇಬಿನಲ್ಲಿ ಮೂರು ಫಿಲ್ಟರ್ ಇರಲಿ.

ಹಿಮದ ಪಟ್ಟಿ ಹಿಡಿಯುವುದು

ನೀರಿನ ಮೇಲ್ಮೈಗೂ ಸುಮಾರು 1,500 ಮೀಟರ್ ಎತ್ತರದ ಗಾಳಿಗೂ (ಮುನ್ಸೂಚನೆಯ ನಕ್ಷೆಗಳಲ್ಲಿ 850 ಹೆಕ್ಟೋಪಾಸ್ಕಲ್ ಮಟ್ಟ) 13 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಂತರವಿದ್ದರೆ ಸರೋವರ ತಾನೇ ಹಿಮದ ಮೋಡ ಕಟ್ಟಲು ಶುರುಮಾಡುತ್ತದೆ. ನವೆಂಬರಿನಿಂದ ಜನವರಿವರೆಗೆ ಇದು ಮತ್ತೆ ಮತ್ತೆ ಆಗುತ್ತದೆ. ಗಾಳಿ ವಾಯವ್ಯದಿಂದ ಬಂದರೆ ಡುಲೂತ್‌ನಲ್ಲಿ ಆಕಾಶ ಸ್ವಚ್ಛ. ಹಿಮವೆಲ್ಲ ಎದುರು ದಂಡೆಯ ಬೇಫೀಲ್ಡ್, ಸುಮಾರು 160 ಕಿ.ಮೀ. ದೂರದ ಹರ್ಲಿ–ಐರನ್‌ವುಡ್, ಇನ್ನೂ ಮುಂದಿನ ಕೀವೀನಾ ಪರ್ಯಾಯದ್ವೀಪಕ್ಕೆ. ಈಶಾನ್ಯದಿಂದ ಬಂದರೆ ಸರದಿ ನಿಮ್ಮದು. 1991ರ ಅಕ್ಟೋಬರ್ 31ರಿಂದ ನವೆಂಬರ್ 3ರವರೆಗೆ ಡುಲೂತ್ ಮೇಲೆ 36.9 ಇಂಚು, ಅಂದರೆ ಸುಮಾರು 94 ಸೆಂ.ಮೀ. ಹಿಮ ಬಿದ್ದ ಬಿರುಗಾಳಿಗೆ ಸರೋವರದ ಕಡೆಯಿಂದ ಬೀಸಿದ ಗಾಳಿಯೂ ಸೇರಿಕೊಂಡಿತ್ತು.

ಹೊಸಬರು ಎಡವುವುದು ರೇಡಾರ್ ನಂಬಿ. ಈ ಹಿಮದ ಮೋಡಗಳು ಗಿಡ್ಡ, ತಲೆ ಒಂದೂವರೆಯಿಂದ ಮೂರು ಕಿ.ಮೀ. ಎತ್ತರದಲ್ಲೇ ಮುಗಿಯುತ್ತದೆ. ರೇಡಾರಿನ ಅತಿ ಕೆಳಗಿನ ಕಿರಣ ಅರ್ಧ ಡಿಗ್ರಿ ಮೇಲ್ಮುಖವಾಗಿರುತ್ತದೆ, ಭೂಮಿಯೂ ಬಾಗಿದೆ. ಹೀಗಾಗಿ 150 ಕಿ.ಮೀ. ದೂರದಲ್ಲಿ ಕಿರಣ ನೆಲದಿಂದ ಸುಮಾರು 2.6 ಕಿ.ಮೀ. ಎತ್ತರದಲ್ಲಿ ಹಾದುಹೋಗುತ್ತದೆ. ಐರನ್‌ವುಡ್ ಡುಲೂತ್ ರೇಡಾರಿಗೂ ಮಿಷಿಗನ್ ರಾಜ್ಯದ ಮಾರ್ಕೆಟ್ (Marquette) ಪಟ್ಟಣದ ಕಡೆಯ ರೇಡಾರಿಗೂ ದೂರ. ಫೋನಿನಲ್ಲಿ ಪರದೆ ಖಾಲಿ ಕಾಣುತ್ತಿರುವಾಗಲೇ ಅಲ್ಲಿ ಗಂಟೆಗೆ ಐದು ಸೆಂ.ಮೀ. ಹಿಮ ಸುರಿಯುತ್ತಿರಬಹುದು. ಅದಕ್ಕೆ ಗೋಸ್-ಈಸ್ಟ್ ಉಪಗ್ರಹದ ಐದು ನಿಮಿಷಕ್ಕೊಂದರ ಚಿತ್ರ ನೋಡಿ, ನೀರಿನ ಮೇಲೆ ಎಳೆದ ಗೆರೆಗಳಂತೆ ಮೋಡದ ಪಟ್ಟಿಗಳು ಎದ್ದುಕಾಣುತ್ತವೆ. ಆಮೇಲೆ ವಿಸ್ಕಾನ್ಸಿನ್, ಮಿಷಿಗನ್ ಸಾರಿಗೆ ಇಲಾಖೆಗಳ ರಸ್ತೆ ಕ್ಯಾಮೆರಾ ನೋಡಿ. ನೀರಿನ ತಾಪಮಾನಕ್ಕೆ ತೇಲುಬೋಯೆಗಳನ್ನು ನೆಚ್ಚಿಕೊಳ್ಳಬೇಡಿ, ಹೆಚ್ಚಿನವನ್ನು ಚಳಿಗಾಲ ಬರುವ ಮುನ್ನವೇ ಎತ್ತಿಬಿಡುತ್ತಾರೆ. ಗ್ರೇಟ್ ಲೇಕ್ಸ್ ಪರಿಸರ ಸಂಶೋಧನಾ ಪ್ರಯೋಗಾಲಯದ ಉಪಗ್ರಹ ಆಧಾರಿತ ನಕ್ಷೆ ದಿನಾ ಸಿಗುತ್ತದೆ. ಫೆಬ್ರವರಿ ಹೊತ್ತಿಗೆ ಐಸ್ ಹರಡಿದಷ್ಟೂ ಈ ಹಿಮ ಕಡಿಮೆಯಾಗುತ್ತದೆ, ಮುಚ್ಚಿದ ನೀರು ಆವಿ ಕೊಡುವುದಿಲ್ಲ.

ಬೀಳುವ ಹಿಮವನ್ನು ಬೂದು ಆಕಾಶದ ಎದುರು ಹಿಡಿದರೆ ಏನೂ ಕಾಣದು. ಹಿನ್ನೆಲೆಗೆ ಕಡುಹಸಿರು ಸ್ಪ್ರೂಸ್ ಮರ ಅಥವಾ ಕೆಂಪು ಕೊಟ್ಟಿಗೆ ಇರಬೇಕು. ಶಟರ್ 1/60ರಲ್ಲಿ ಗೆರೆಗಳಾಗಿ, 1/250ರಲ್ಲಿ ಬಿಡಿಬಿಡಿ ಚಕ್ಕೆಗಳಾಗಿ ಕಾಣುತ್ತದೆ. ರಭಸ ತೋರಿಸಲು ಮೊದಲನೆಯದು, ಗಾಳಿಯಿಲ್ಲದ ದಿನ ಎರಡನೆಯದು. ಆಟೊ ಫೋಕಸ್ ಹತ್ತಿರದ ಚಕ್ಕೆಗಳಿಗೆ ಜೋತುಬೀಳುತ್ತದೆ, ಮ್ಯಾನುಯಲ್‌ಗೆ ತನ್ನಿ. ಕ್ಯಾಮೆರಾದ ಮೀಟರು ಬಿಳಿ ಹಿಮವನ್ನು ಬೂದು ಮಾಡಲು ನೋಡುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಟ್ಟು, ಬೆಳಕು ಅತಿಯಾದ ಕಡೆ ಪರದೆಯ ಮೇಲೆ ಪಟ್ಟೆ ತೋರಿಸುವ ಝೀಬ್ರಾವನ್ನು 95ಕ್ಕೆ ಇಟ್ಟು, ಪಟ್ಟೆ ಕಾಣಿಸಿದ ಕೂಡಲೇ ಬೆಳಕನ್ನು ಒಂದು ಹೆಜ್ಜೆ ಇಳಿಸಿ. ವೈಟ್ ಬ್ಯಾಲೆನ್ಸ್ 5,500 ಕೆಲ್ವಿನ್‌ಗೆ ಕಟ್ಟಿಹಾಕಿ.

ಮೈನಸ್ 25ರಲ್ಲಿ

ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿ ಎಂದೇ ಬರೆದಿರುತ್ತದೆ, ಕೆಲವು ಮಾದರಿಗಳಿಗೆ ಮಾತ್ರ ಮೈನಸ್ 10. ಆದರೂ ಮೈನಸ್ 25ರಲ್ಲಿ ಅವು ಓಡುತ್ತವೆ. ಕಂಪನಿಯ ಖಾತರಿ ಇರುವುದಿಲ್ಲ, ಅಷ್ಟೇ. ಪರದೆ ಮಂದವಾಗಿ ಚಿತ್ರ ಹಿಂದೆ ಹಿಂದೆ ಎಳೆದಂತೆ ಕಾಣುತ್ತದೆ. ರೆಕಾರ್ಡಿಂಗಿಗೆ ಅದರಿಂದ ತೊಂದರೆ ಇಲ್ಲ.

ಬ್ಯಾಟರಿಯದು ರಸಾಯನ ವಿಜ್ಞಾನ. ಥಂಡಿಯಲ್ಲಿ ಲಿಥಿಯಂ ಅಯಾನುಗಳು ನಿಧಾನವಾಗುತ್ತವೆ, ಒಳಗಿನ ರೋಧ ಏರುತ್ತದೆ, ವಿಡಿಯೊದಂಥ ಭಾರೀ ಬೇಡಿಕೆ ಬಂದಾಗ ವೋಲ್ಟೇಜ್ ಕುಸಿದು ಕ್ಯಾಮೆರಾ 40 ಶೇಕಡಾ ತೋರಿಸುತ್ತಲೇ ಆರಿಹೋಗುತ್ತದೆ. ಮೈನಸ್ 20ರಲ್ಲಿ ಅರ್ಧ ಸಾಮರ್ಥ್ಯ ಸಿಕ್ಕರೆ ಪುಣ್ಯ. ಆರಿದ ಬ್ಯಾಟರಿ ಸತ್ತಿಲ್ಲ, ಒಳಜೇಬಿನಲ್ಲಿ ಮೈಶಾಖಕ್ಕೆ ಇಪ್ಪತ್ತು ನಿಮಿಷ ಇಟ್ಟರೆ ಮತ್ತೆ ಕೊಂಚ ಓಡುತ್ತದೆ. ಆದರೆ ಶೂನ್ಯಕ್ಕಿಂತ ಕೆಳಗೆ ಅದನ್ನು ಚಾರ್ಜ್‌ಗೆ ಹಾಕಬೇಡಿ. ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ದೀರ್ಘ ಟೈಮ್‌ಲ್ಯಾಪ್ಸ್‌ಗೆ (ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಜೋಡಿಸಿದ ವಿಡಿಯೊ) ಬ್ಯಾಟರಿಯ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿಯಿಂದ ತಂತಿ ಎಳೆದು ಪವರ್‌ಬ್ಯಾಂಕನ್ನು ಊಟದ ಡಬ್ಬಿಯ ಥರ್ಮಲ್ ಚೀಲದಲ್ಲಿಡಿ. ಅದರೊಳಗೆ ಕೈ ಬಿಸಿಮಾಡುವ ಪೊಟ್ಟಣ ಹಾಕುವುದಾದರೆ ಜಿಪ್ಪನ್ನು ಪೂರ್ತಿ ಮುಚ್ಚಬೇಡಿ. ಅದರಲ್ಲಿರುವ ಕಬ್ಬಿಣದ ಪುಡಿ ಬಿಸಿಯಾಗುವುದು ಗಾಳಿಯ ಆಮ್ಲಜನಕದಿಂದ. ಗಾಳಿ ಸಿಗದಿದ್ದರೆ ಹದಿನೈದು ನಿಮಿಷದಲ್ಲಿ ತಣ್ಣಗಾಗಿ ಕೂರುತ್ತದೆ. ತಂತಿ ಸಿಲಿಕೋನ್ ಹೊದಿಕೆಯದೇ ಇರಲಿ, ಸಾಮಾನ್ಯ ಪಿವಿಸಿ ತಂತಿ ಕಡ್ಡಿಯಂತೆ ಬಿರುಸಾಗಿ ಕನೆಕ್ಟರನ್ನೇ ಮುರಿಯುತ್ತದೆ.

ಟ್ರೈಪಾಡಿನ ಕಾಲು ಎಳೆಯುವಾಗ ಊರಲ್ಲಿ ಮೇಲಿನ ದಪ್ಪ ಭಾಗದಿಂದ ಶುರುಮಾಡುತ್ತಿದ್ದಿರಿ. ಹಿಮದಲ್ಲಿ ಅತಿ ಕೆಳಗಿನ ಭಾಗವನ್ನು ಮೊದಲು ಎಳೆಯಿರಿ, ಆಗ ಲಾಕು ಹಿಮದಿಂದ ಮೇಲಿದ್ದು ನೀರು ಕುಡಿದು ಹೆಪ್ಪುಗಟ್ಟುವುದಿಲ್ಲ. ಆಳವಾದ ಹಿಮದಲ್ಲಿ ಕಾಲುಗಳನ್ನು ಪೂರ್ತಿ ಅಗಲಿಸಿ ಒತ್ತಿದರೆ ಕೆಳಗಿನ ಹಿಮ ಅವನ್ನು ಹೊರಕ್ಕೆ ತಳ್ಳಿ ಮೇಲಿನ ಕೀಲು ಸೀಳುತ್ತದೆ. ಅರ್ಧ ಮಡಚಿ ಚುಚ್ಚಿ, ಆಮೇಲೆ ತುಸು ಬಿಡಿಸಿ. ದ್ರವ ತುಂಬಿದ ಹೆಡ್ ಈ ಚಳಿಯಲ್ಲಿ ಬಿಗಿಯಾಗಿ ಪ್ಯಾನ್ ಜರ್ಕು ಹೊಡೆಯುತ್ತದೆ. ಆ ದಿನ ಪ್ಯಾನ್ ಬಿಟ್ಟು ಸ್ಥಿರ ಚೌಕಟ್ಟಿಗೇ ತೃಪ್ತಿಪಡಿ. ಅದಕ್ಕೇನೂ ಮೂಗು ಮುರಿಯಬೇಕಿಲ್ಲ, ಹವಾಮಾನದ ವಿಡಿಯೊದಲ್ಲಿ ಚಲಿಸಬೇಕಾದದ್ದು ಆಕಾಶ, ಕ್ಯಾಮೆರಾ ಅಲ್ಲ.

ಕೈಗೆ ತೆಳು ಉಣ್ಣೆಯ ಗ್ಲೌಸು, ಅದರ ಮೇಲೆ ದೊಡ್ಡ ಮಿಟನ್. ಬರಿಗೈಯಲ್ಲಿ ಲೋಹ ಮುಟ್ಟಬೇಡಿ. ಮೈನಸ್ 20 ಡಿಗ್ರಿಗೆ ಗಂಟೆಗೆ 30 ಕಿ.ಮೀ. ಗಾಳಿ ಸೇರಿದರೆ ಚರ್ಮಕ್ಕೆ ಅದು ಮೈನಸ್ 33. ಅಂಥಲ್ಲಿ ಹತ್ತರಿಂದ ಮೂವತ್ತು ನಿಮಿಷದೊಳಗೆ ತೆರೆದ ಚರ್ಮ ಹೆಪ್ಪುಗಟ್ಟಬಹುದು. ಬೆರಳು ನೋಯುತ್ತಿದ್ದರೆ ಇನ್ನೂ ಸಮಯವಿದೆ. ನೋವು ತಾನಾಗಿ ನಿಂತು ಬೆಳ್ಳಗಾಯಿತೆಂದರೆ ಎಲ್ಲ ಬಿಟ್ಟು ಒಳಗೆ ಹೋಗಿ, ಉಜ್ಜಬೇಡಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ. ಉಸಿರನ್ನು ವ್ಯೂಫೈಂಡರಿನ ಕಡೆಗೆ ಬಿಡಬೇಡಿ, ಒಂದೇ ಉಸಿರಿಗೆ ಅದು ಮಂಜಿನ ಪರದೆಯಾಗುತ್ತದೆ.

ಈಗ ಮನೆಯೊಳಗಿನ ಅಪಾಯ. ಬಿಸಿಮಾಡಿದ ಕೋಣೆ 21 ಡಿಗ್ರಿ, ತೇವಾಂಶ 30 ಶೇಕಡಾ ಅಂದುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗಿ ಕೂರಲು ಶುರುವಾಗುವ ತಾಪಮಾನ, ಸುಮಾರು 3 ಡಿಗ್ರಿ. ಮೈನಸ್ 20ರ ಕ್ಯಾಮೆರಾ ಒಳಗೆ ಬಂದರೆ ಹೊರಮೈಯಷ್ಟೇ ಅಲ್ಲ, ಲೆನ್ಸಿನ ಒಳಗಾಜು, ಸೆನ್ಸರ್, ಸರ್ಕ್ಯೂಟ್ ಎಲ್ಲದರ ಮೇಲೂ ನೀರು ಕೂರಬಹುದು. ಬಾಗಿಲ ಹೊರಗೇ ಕಾರ್ಡನ್ನೂ ಬ್ಯಾಟರಿಯನ್ನೂ ತೆಗೆದುಕೊಂಡು, ಕ್ಯಾಮೆರಾವನ್ನು ದೊಡ್ಡ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಮುಚ್ಚಿ ಒಳಗೆ ತನ್ನಿ. ಎರಡು ಮೂರು ಗಂಟೆ ತೆರೆಯಬೇಡಿ. ಇಬ್ಬನಿಯೆಲ್ಲ ಚೀಲದ ಹೊರಮೈಗೆ ಕೂರುತ್ತದೆ. ಕಾರ್ಡ್ ಮೊದಲೇ ಕೈಯಲ್ಲಿರುವುದರಿಂದ ಎಡಿಟಿಂಗ್ ನಿಲ್ಲುವುದಿಲ್ಲ. ಇದೇ ತರ್ಕದಿಂದ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಕ್ಯಾಮೆರಾ ಕಾರಿನ ಡಿಕ್ಕಿಯಲ್ಲೇ ತಣ್ಣಗಿರಲಿ, ಹೀಟರ್ ಹಾಕಿದ ಸೀಟಿನ ಮೇಲಲ್ಲ. ಬಿಸಿ ಕಾರಿನ ಕಿಟಕಿ ಇಳಿಸಿ ಉದ್ದ ಲೆನ್ಸಿನಲ್ಲಿ ಶೂಟ್ ಮಾಡಿದರೂ ಕೆಡುತ್ತದೆ, ಹೊರಹೋಗುವ ಬಿಸಿಗಾಳಿ ಚಿತ್ರವನ್ನು ನೀರಿನಂತೆ ಅಲುಗಿಸುತ್ತದೆ.

ಕಾರಿನ ಬಗ್ಗೆ ಒಂದು ಮಾತು. ಹಿಮದಲ್ಲಿ ಸಿಕ್ಕಿಬಿದ್ದು ಎಂಜಿನ್ ಓಡಿಸುವಾಗ ಮೊದಲು ಸೈಲೆನ್ಸರ್ ಕೊಳವೆಯ ಸುತ್ತ ಹಿಮ ಕೆರೆದು ತೆಗೆಯಿರಿ. ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ವಾಸನೆಯೂ ಇರುವುದಿಲ್ಲ. ಸಲಿಕೆ, ಕಂಬಳಿ, ಮರಳಿನ ಚೀಲ, ತಲೆಗೆ ಕಟ್ಟುವ ದೀಪ ನವೆಂಬರಿನಿಂದ ಏಪ್ರಿಲ್‌ವರೆಗೆ ಕಾರಿನಲ್ಲೇ ಇರಲಿ. ಚಳಿಗಾಲದ ಟೈರು ಹಾಕಿಸದೆ ಲೆನ್ಸಿಗೆ ಹಣ ಸುರಿಯುವುದು ಶುದ್ಧ ದಡ್ಡತನ.

ಇಷ್ಟೆಲ್ಲ ಕಷ್ಟಕ್ಕೆ ಪ್ರತಿಫಲ ಏನೆಂದರೆ ಸರೋವರದ ಹೊಗೆ. ಗಾಳಿ ಮೈನಸ್ 20ಕ್ಕಿಂತ ಕೆಳಗಿಳಿದು ನೀರು ಇನ್ನೂ ತೆರೆದಿರುವಾಗ, ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ, ಇಡೀ ಮೇಲ್ಮೈಯಿಂದ ಆವಿ ಏಳುತ್ತದೆ, ಅಲ್ಲಲ್ಲಿ ಸುತ್ತುವ ಕಂಬಗಳಾಗುತ್ತವೆ. ಸೂರ್ಯನಿಗೆ ಎದುರಾಗಿ ನಿಂತರೆ ಮಾತ್ರ ಅದು ಚಿನ್ನದಂತೆ ಹೊಳೆಯುವುದು, ಸೂರ್ಯ ಬೆನ್ನಿಗಿದ್ದರೆ ಬರೀ ಬೂದು. ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಏಳುವುದು ಆಗ್ನೇಯದಲ್ಲಿ, ಎಂಟು ಗಂಟೆಗೆ ಸ್ವಲ್ಪ ಮುಂಚೆ. ಕೆನಾಲ್ ಪಾರ್ಕ್ ಈಶಾನ್ಯಕ್ಕೆ ಮುಖ ಮಾಡಿದೆ, ಅಲ್ಲಿ ನಿಂತು ಬೆಪ್ಪಾಗಬೇಡಿ. ಬ್ರೈಟನ್ ಬೀಚ್ ಅಥವಾ ಇನ್ನೂ ಮುಂದಿನ ಸ್ಟೋನಿ ಪಾಯಿಂಟ್‌ಗೆ ಹೋಗಿ, ಅಲ್ಲಿ ನೀರು ಆಗ್ನೇಯಕ್ಕೇ ಇದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಕ್ಯಾಮೆರಾ ಹೊರಗಿಟ್ಟು ತಣಿಯಲು ಬಿಡಿ. ಅದೇ ಬೆಳಿಗ್ಗೆ ಗಾಳಿಯಲ್ಲಿ ಹರಳುಗಳು ತೇಲುತ್ತಿದ್ದರೆ ಸೂರ್ಯನ ಎರಡೂ ಬದಿ 22 ಡಿಗ್ರಿ ದೂರದಲ್ಲಿ ಅಣಕು ಸೂರ್ಯರು ಮೂಡುತ್ತವೆ. ಪೂರ್ತಿ ಬಳೆ ಹಿಡಿಯಲು ಫುಲ್‌ಫ್ರೇಮಿನಲ್ಲಿ 20 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಲೆನ್ಸು ಬೇಕು. ಸೂರ್ಯನನ್ನು ಒಂದು ಕಂಬದ ಹಿಂದೆ ಮರೆಮಾಡಿ.

ವಸಂತ

ಮಾರ್ಚ್, ಏಪ್ರಿಲ್‌ನಲ್ಲಿ ಪೂರ್ವದ ಗಾಳಿ ಒಡೆದ ಐಸನ್ನು ದಡಕ್ಕೆ ತಳ್ಳುತ್ತದೆ. ಕಿಟಕಿ ಗಾಜಿನಷ್ಟು ತೆಳು ಹಾಳೆಗಳು ಒಂದರ ಮೇಲೊಂದು ಏರಿ ನೀಲಿಯಾಗಿ ರಾಶಿ ಬೀಳುತ್ತವೆ. ಇಲ್ಲಿ ಧ್ವನಿಯೇ ಮುಖ್ಯ. ಮೈಕನ್ನು ಐಸಿನಿಂದ ಒಂದು ಮೀಟರ್ ದೂರ, ನೆಲಮಟ್ಟದಲ್ಲಿಟ್ಟು ನೀವು ದೂರ ಸರಿಯಿರಿ. ವಾಯವ್ಯದ, ಅಂದರೆ ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯ ದಿನ ಐಸಿನ ಮೇಲೆ ಕಾಲಿಡಲೇಬೇಡಿ, ಇಡೀ ಹಲಗೆ ಕಳಚಿಕೊಂಡು ಒಳಕ್ಕೆ ತೇಲಿಹೋಗುತ್ತದೆ.

ಮೇ, ಜೂನ್‌ನಲ್ಲಿ ಅಂತರ ತಲೆಕೆಳಗಾಗುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ, ಹಾಗಾಗಿ ಆಳವೆಲ್ಲ ಆ ಮಟ್ಟಕ್ಕೆ ಬರುವವರೆಗೆ ಮೇಲ್ಮೈ ಕಾಯುವುದೇ ಇಲ್ಲ. ಒಳನಾಡು 25 ಡಿಗ್ರಿ, ದಂಡೆ 8. ತೇವದ ಗಾಳಿ ಆ ನೀರಿನ ಮೇಲೆ ಹಾದರೆ ಗೋಡೆಯಂಥ ಮಂಜು ನಗರದೊಳಕ್ಕೆ ನುಗ್ಗುತ್ತದೆ. ಬೆಟ್ಟದ ಮೇಲಿನ ಎಂಗರ್ ಟವರ್‌ನಿಂದ ಲಿಫ್ಟ್ ಸೇತುವೆಯ ತಲೆ ಮಾತ್ರ ಮಂಜಿನ ಮೇಲೆ ಕಾಣುವ ಹೊತ್ತು ಸಿಗಬಹುದು. ಮೂರು ಸೆಕೆಂಡಿಗೊಂದು ಫ್ರೇಮ್ ಸಾಕು. ಟೈಮ್‌ಲ್ಯಾಪ್ಸ್‌ನ ಲೆಕ್ಕ ಸುಲಭ: 30 ಫ್ರೇಮಿನ 10 ಸೆಕೆಂಡಿಗೆ 300 ಚಿತ್ರ ಬೇಕು, ಮೂರು ಸೆಕೆಂಡಿಗೊಂದರಂತೆ 15 ನಿಮಿಷ. ವೇಗದ ಗುಡುಗು ಮೋಡಕ್ಕೆ ಒಂದು ಸೆಕೆಂಡು, ಬೇಸಿಗೆಯ ಹತ್ತಿ ಮೋಡಕ್ಕೆ ಐದು. ಒಣ ಬಿಸಿಗಾಳಿಯಾದರೆ ಮಂಜಿನ ಬದಲು ಮರೀಚಿಕೆ. ದೂರದ ಅದಿರು ಹಡಗು ಮೇಲಕ್ಕೆ ಎಳೆದಂತಾಗಿ, ತಲೆಕೆಳಗಾದ ಇನ್ನೊಂದು ಹಡಗು ಅದರ ಮೇಲೆ ಕೂರುತ್ತದೆ. 400 ಮಿ.ಮೀ. ಲೆನ್ಸು, ನೀರಿಗೆ ಆದಷ್ಟು ಹತ್ತಿರದ ಎತ್ತರ.

ಬೇಸಿಗೆಯ ಗುಡುಗು

ಇಲ್ಲಿಯ ಗುಡುಗುಮಳೆ ಹೆಚ್ಚಾಗಿ ಪಶ್ಚಿಮದಿಂದ, ಸಂಜೆಯ ಮೇಲೆ ಬರುತ್ತದೆ. ಕಾಡು ದಟ್ಟ, ಬಯಲು ನೋಟ ಇಲ್ಲ. ಸುಂಟರಗಾಳಿ ಬೆನ್ನಟ್ಟುವ ಹುಚ್ಚಿದ್ದರೆ ಅದಕ್ಕೆ ರಾಜ್ಯದ ನೈರುತ್ಯದ ಬಯಲೇ ಸರಿ. ಡುಲೂತ್‌ನಲ್ಲಿ ಬೆಟ್ಟದ ಸ್ಕೈಲೈನ್ ಪಾರ್ಕ್‌ವೇಯ ತೆರೆದ ತಿರುವುಗಳು, ಥಾಂಪ್ಸನ್ ಹಿಲ್ ಒಳ್ಳೆಯವು. 1999ರ ಜುಲೈ 4ರಂದು ಉತ್ತರದ ಬೌಂಡರಿ ವಾಟರ್ಸ್ ಕಾಡಿನಲ್ಲಿ ಕೋಟ್ಯಂತರ ಮರ ಮಲಗಿಸಿದಂಥ ನೇರಗಾಳಿ ಬಂದರೆ ಮರದಡಿ ನಿಂತವರ ಗತಿ ಏನೆಂದು ಬೇರೆ ಹೇಳಬೇಕಿಲ್ಲ.

ಮಿಂಚಿನ ವಿಡಿಯೊದಲ್ಲಿ ಶಟರ್ ಬಗ್ಗೆ ಕಲಿತದ್ದನ್ನು ಮರೆಯಿರಿ. 30 ಫ್ರೇಮಿಗೆ 1/60 ಶಟರ್ ಇಟ್ಟರೆ ಅರ್ಧ ಸಮಯ ಸೆನ್ಸರ್ ಕಣ್ಮುಚ್ಚಿರುತ್ತದೆ, ಒಳ್ಳೆಯ ಮಿಂಚು ಅದೇ ಸಂದಿನಲ್ಲಿ ಹೊಳೆದುಹೋಗುತ್ತದೆ. 1/30 ಇಡಿ. ರಾತ್ರಿಗೆ ಐಎಸ್‌ಒ 400, ಎಫ್/4 ಇಂದ ಶುರುಮಾಡಿ, ಹತ್ತಿರ ಬಂದಂತೆ ಎಫ್/8ರ ಕಡೆಗೆ ಹೋಗಿ. ಚಿತ್ರದ ಅರ್ಧ ಮಾತ್ರ ಬೆಳ್ಳಗಾಗಿ ಉಳಿದರ್ಧ ಕತ್ತಲಿದ್ದರೆ ಕ್ಯಾಮೆರಾ ಕೆಟ್ಟಿಲ್ಲ. ಸೆನ್ಸರ್ ಸಾಲುಸಾಲಾಗಿ ಓದುವಾಗ ನಡುವೆ ಮಿಂಚು ಬಂದಿದೆ. ಗುಡುಗು ಮೂವತ್ತು ಸೆಕೆಂಡಿನೊಳಗೆ ಕೇಳಿಸಿದರೆ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಓಡುತ್ತಿರಲು ಬಿಟ್ಟು ನೀವು ಕಾರಿನೊಳಗೆ ಸೇರಿ.

ಉತ್ತರ ಧ್ರುವಪ್ರಭೆ

ಇದೊಂದಕ್ಕೆ ಮಾತ್ರ ಸರೋವರದ ತಾಪಮಾನ ಲೆಕ್ಕಕ್ಕಿಲ್ಲ, ಆದರೆ ದಿಕ್ಕು ಇದೆ. ಮಿನ್ನೆಸೋಟಾ ದಂಡೆಯಲ್ಲಿ ನಿಂತರೆ ನೀರು ಆಗ್ನೇಯಕ್ಕೆ, ಪ್ರಭೆ ಬೆನ್ನ ಹಿಂದೆ ಕಾಡಿನ ಮೇಲೆ. ನೀರಿನಲ್ಲಿ ಅದರ ಪ್ರತಿಬಿಂಬ ಬೇಕಿದ್ದರೆ ವಿಸ್ಕಾನ್ಸಿನ್ ದಂಡೆಯ ಹರ್ಬ್‌ಸ್ಟರ್ ಅಥವಾ ಕಾರ್ನುಕೋಪಿಯಾಕ್ಕೆ ಹೋಗಬೇಕು, ಅಲ್ಲಿ ಸರೋವರ ಉತ್ತರಕ್ಕಿದೆ. ಮಾರ್ಚ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ತೋರಿಸುವ ಕೆಪಿ ಸೂಚ್ಯಂಕ 5 ಇದ್ದರೆ ಉತ್ತರದ ಅಂಚಿನಲ್ಲಿ, 7 ಮುಟ್ಟಿದರೆ ನೆತ್ತಿಯ ಮೇಲೆ. ಆದರೆ ಕೆಪಿ ಮೂರು ಗಂಟೆಗೊಂದರಂತೆ ಲೆಕ್ಕ ಹಾಕುವ ಸಂಖ್ಯೆ. ಹೊರಡುವ ನಿರ್ಧಾರಕ್ಕೆ ಬಿಝಡ್ (ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರದ ಉತ್ತರ–ದಕ್ಷಿಣ ಅಂಶ) ನೋಡಿ, ಅದು ದಕ್ಷಿಣಮುಖಿಯಾಗಿ ಮೈನಸ್ 10 ನ್ಯಾನೊಟೆಸ್ಲಾದ ಆಸುಪಾಸು ಅರ್ಧ ಗಂಟೆ ನಿಂತರೆ ಬೂಟು ಹಾಕಿಕೊಳ್ಳಿ. ಇದನ್ನು ಅಳೆಯುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಲ್ಲಿ, ನಮ್ಮ ಇಸ್ರೋದ ಆದಿತ್ಯ-ಎಲ್1 ಇರುವ ನೆಲೆಯೂ ಅದೇ. ಸೆಕೆಂಡಿಗೆ 500 ಕಿ.ಮೀ. ವೇಗದ ಸೌರಮಾರುತ ಅಲ್ಲಿಂದ ಇಲ್ಲಿಗೆ ಬರಲು 50 ನಿಮಿಷ. ನಿಮಗಿರುವ ಮುನ್ಸೂಚನೆ ಅಷ್ಟೇ. 2024ರ ಮೇ 10–11ರ ಭೂಕಾಂತೀಯ ಮಹಾಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಲಡಾಖ್ ಹಾನ್ಲೆ ವೀಕ್ಷಣಾಲಯದಿಂದಲೂ ಕೆಂಪು ಪ್ರಭೆ ಸೆರೆಯಾಗಿತ್ತು.

ನೈಜ ವೇಗದ ವಿಡಿಯೊಗೆ ಎಫ್/1.4 ಲೆನ್ಸು, 1/30 ಶಟರ್, ಐಎಸ್‌ಒ 12,800. ಟೈಮ್‌ಲ್ಯಾಪ್ಸ್‌ಗೆ ಎಫ್/2, ಐಎಸ್‌ಒ 3,200, ಪ್ರಭೆ ಕುಣಿಯುತ್ತಿದ್ದರೆ 1ರಿಂದ 3 ಸೆಕೆಂಡು. ಹತ್ತು ಸೆಕೆಂಡು ಇಟ್ಟವರಿಗೆ ಸಿಗುವುದು ಹಸಿರು ಗಂಜಿ. ವೈಟ್ ಬ್ಯಾಲೆನ್ಸ್ 3,800 ಕೆಲ್ವಿನ್. ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಮಾಡಿ. ಲೆನ್ಸ್ ತಣಿದಂತೆ ಫೋಕಸ್ ಜಾರುತ್ತದೆ, ಆದ್ದರಿಂದ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಟೇಪ್ ಅಂಟಿಸಿ. ಲೆನ್ಸಿನ ಕೊರಳಿಗೆ 5 ವ್ಯಾಟಿನ ಯುಎಸ್‌ಬಿ ಹೀಟರ್ ಪಟ್ಟಿ ಕಟ್ಟಿದರೆ ಇಬ್ಬನಿ ಕೂರುವುದಿಲ್ಲ. ಬೆಚ್ಚಗಿಟ್ಟ 10,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ಐದು ಗಂಟೆ ಬರುತ್ತದೆ.

ಡ್ರೋನ್, ಹಣ, ವೀಸಾ

ಡ್ರೋನ್ ಅನ್ನು ಹಣಕ್ಕಾಗಿ ಹಾರಿಸಲು ಅಮೆರಿಕದ ವಿಮಾನಯಾನ ಆಡಳಿತದ ಭಾಗ 107ರ ಪರವಾನಗಿ ಬೇಕು. 400 ಅಡಿ ಮಿತಿ, ಕಣ್ಣಿಗೆ ಕಾಣುವಷ್ಟೇ ದೂರ, 3 ಮೈಲಿ ಗೋಚರತೆ, ಮೋಡದಿಂದ 500 ಅಡಿ ಕೆಳಗೆ. ಅಂದರೆ ಒಳ್ಳೆಯ ಮಂಜು, ಹಿಮದ ದಿನಗಳಲ್ಲಿ ಅದು ಚೀಲದಲ್ಲೇ ಇರಬೇಕು. ಶೂನ್ಯದ ಆಸುಪಾಸಿನ ಮಂಜಿನಲ್ಲಿ ರೆಕ್ಕೆಗೆ ಐಸ್ ಕಟ್ಟಿ ಒಂದೆರಡು ನಿಮಿಷದಲ್ಲೇ ಉರುಳುತ್ತದೆ. ಅಪೋಸಲ್ ದ್ವೀಪಗಳ ರಾಷ್ಟ್ರೀಯ ದಂಡೆಯಲ್ಲಿ ಡ್ರೋನ್ ನಿಷಿದ್ಧ.

ಸುದ್ದಿವಾಹಿನಿಗಳಿಗೆ ಬೇಕಾದದ್ದು ಅಡ್ಡ ಚೌಕಟ್ಟಿನ, ಅಲುಗದ, 10ರಿಂದ 15 ಸೆಕೆಂಡಿನ ತುಣುಕು, ಅದರಲ್ಲಿ ಮನುಷ್ಯರೋ ವಾಹನವೋ ಇರಬೇಕು, ಸಂಗೀತ ಇರಬಾರದು. ಸ್ಥಳ, ದಿನಾಂಕ, ಸಮಯ ಬರೆದು ಕೊಡಿ, ಮೂಲ ಫೈಲನ್ನು ಅಳಿಸಬೇಡಿ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೂ ಮಾರುವ ಹಕ್ಕು ಉಳಿಯುವಂತೆ ಒಪ್ಪಂದ ಓದಿ ಸಹಿ ಹಾಕಿ. ರಾಷ್ಟ್ರೀಯ ಹವಾಮಾನ ಸೇವೆಯು ಸ್ವಯಂಸೇವಕ ಹವಾಮಾನ ವೀಕ್ಷಕರಿಗೆ ಕೊಡುವ ಸ್ಕೈವಾರ್ನ್ ತರಬೇತಿ ಉಚಿತ. ಮೋಡದ ಭಾಷೆ ಕಲಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಪೂರ್ಣಾವಧಿ ವೃತ್ತಿಯಾಗಿ ಇದನ್ನೇ ನಂಬಿ ಬದುಕುವವರು ಕಡಿಮೆ. ಹೆಚ್ಚಿನವರು ಸ್ಟಾಕ್ ತುಣುಕು, ಮದುವೆ, ಜಾಹೀರಾತು ಎಲ್ಲ ಬೆರೆಸಿಕೊಂಡೇ ನಡೆಸುತ್ತಾರೆ.

ನೀವು ಯಾವ ವೀಸಾದ ಮೇಲಿದ್ದೀರೆಂದು ಬರೆದಿಲ್ಲ. ಎಚ್-1ಬಿ ಆಗಿದ್ದರೆ ನಿಮ್ಮ ಉದ್ಯೋಗದಾತರಿಂದಲ್ಲದೆ ಬೇರೆಡೆ ದುಡಿದು ಗಳಿಸುವುದು ಅನಧಿಕೃತ ಕೆಲಸ ಎನಿಸಿಕೊಳ್ಳಬಹುದು, ತುಣುಕು ಮಾರಿದ ಹಣವೂ, ಚಾನೆಲ್ಲಿನ ಜಾಹೀರಾತಿನ ಹಣವೂ. ಚಿತ್ರೀಕರಿಸಿ, ಉಚಿತವಾಗಿ ಹಂಚಿಕೊಳ್ಳಿ. ಮೊದಲ ಡಾಲರ್ ಪಡೆಯುವ ಮುನ್ನ ವಲಸೆ ವಕೀಲರೊಬ್ಬರನ್ನು ಕೇಳಿ.